ಪರದೆಯಲ್ಲಿ ಎಲ್ಲಾ ಹಸಿರು, ಕಿಟಕಿಯಲ್ಲಿ ಕೆಲಸ ಇಲ್ಲ: ಸರ್ವರ್ ಕಾವಲಿನ ನಲವತ್ತು ವರ್ಷ

"ಸರ್ವರ್ ಇಲ್ರೀ, ಮಧ್ಯಾಹ್ನದ ಮ್ಯಾಲೆ ಬರ್ರಿ." ಬಳ್ಳಾರಿ, ಸಿರುಗುಪ್ಪ, ಕಂಪ್ಲಿ ಕಡೆ ಈ ಮಾತು ಕೇಳದವರು ಇರಲಿಕ್ಕಿಲ್ಲ. ಪಹಣಿಗೆ ಬಂದವರು, ರೇಷನ್‌ಗೆ ಬೆರಳು ಒತ್ತಲು ಬಂದವರು, ಆಸ್ಪತ್ರೆ ಚೀಟಿಗೆ ನಿಂತವರು ಕೇಳಿಸಿಕೊಂಡು ವಾಪಸ್ ಹೋಗುತ್ತಾರೆ. ಅದೇ ಹೊತ್ತಿಗೆ ದೂರದ ಯಾವುದೋ ಡೇಟಾ ಸೆಂಟರ್‌ನಲ್ಲಿ, ಆ ಸರ್ವರ್ ಮೇಲೆ ಕಣ್ಣಿಟ್ಟವರ ಪರದೆಯಲ್ಲಿ ಎಲ್ಲವೂ ಹಸಿರಾಗಿರಬಹುದು, ಅಂದರೆ ಎಲ್ಲ ಸರಿ ಇದೆ ಅಂತ. ಕಿಟಕಿಯವರು ಹೇಳಿದ್ದೂ ನಿಜ, ಪರದೆ ತೋರಿಸಿದ್ದೂ ನಿಜ. ಇವೆರಡೂ ಇಷ್ಟು ದೂರ ಆದದ್ದು ಒಂದೇ ದಿನದಲ್ಲಿ ಅಲ್ಲ.

ಈ ಕತೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂಗಿಂತ ಹಳೆಯದು. 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿ ಮೈಕ್ ಮೂಸ್ ಎಂಬುವರು ತಮ್ಮ ನೆಟ್‌ವರ್ಕ್‌ನ ತೊಂದರೆ ಹುಡುಕಲು ಪಿಂಗ್ ಎಂಬ ಪುಟ್ಟ ಪ್ರೋಗ್ರಾಂ ಬರೆದರು. "ಇದ್ದೀಯಾ?" ಅಂತ ಒಂದು ಪ್ಯಾಕೆಟ್ (ಡೇಟಾದ ಚಿಕ್ಕ ಕಟ್ಟು) ಹೋಗುತ್ತದೆ, "ಇದ್ದೀನಿ" ಅಂತ ಒಂದು ವಾಪಸ್ ಬರುತ್ತದೆ. ಅಷ್ಟೇ. 1987ರಲ್ಲಿ ಪ್ಯಾಕೆಟ್ ಹೋಗುವ ದಾರಿ ತೋರಿಸುವ, ವ್ಯಾನ್ ಜೇಕಬ್ಸನ್ ಅವರ ಟ್ರೇಸ್‌ರೂಟ್ ಬಂತು, 1988ರಲ್ಲಿ ನೆಟ್‌ವರ್ಕುಗಳನ್ನು ಜೋಡಿಸುವ ರೌಟರುಗಳನ್ನು ದೂರದಿಂದ ವಿಚಾರಿಸುವ ಎಸ್‌ಎನ್‌ಎಂಪಿ ಬಂತು, 1991ರಲ್ಲಿ ಲಿನಕ್ಸ್ ಬಂತು, 1995ರ ಆಗಸ್ಟ್ 15ಕ್ಕೆ ನಮ್ಮ ದೇಶದ ಜನರಿಗೆ ಇಂಟರ್ನೆಟ್ ಬಂತು. ಅಲ್ಲಿಯವರೆಗೂ ಸರ್ವರ್ ನೋಡಿಕೊಳ್ಳುವವರು ಅದರ ಪಕ್ಕದಲ್ಲೇ ಕೂತಿರುತ್ತಿದ್ದರು. ಕೆಟ್ಟರೆ ಅವರಿಗೇ ಮೊದಲು ಗೊತ್ತಾಗುತ್ತಿತ್ತು.

ಕಣ್ಣಿಗೆ ಕಾಣುವ ಕಾವಲು ಶುರುವಾದದ್ದು ಒಂದು ಸಣ್ಣ ಗ್ರಾಫಿನಿಂದ. 1994ರಲ್ಲಿ ಟೋಬಿಯಾಸ್ ಓಟಿಕರ್ ಕೆಲಸ ಮಾಡುತ್ತಿದ್ದ ಕಡೆ ಹೊರಜಗತ್ತಿಗೆ ಇದ್ದದ್ದು 64 ಕಿಲೋಬಿಟ್‌ನ ಒಂದೇ ಲೈನ್. ಅದು ಎಷ್ಟು ತುಂಬಿದೆ ಅಂತ ಎಲ್ಲರಿಗೂ ತಿಳಿಯಬೇಕಿತ್ತು. ಅದಕ್ಕಾಗಿ ಅವರು ಎಂಆರ್‌ಟಿಜಿ ಬರೆದರು. ಒಳಬರುವ ಡೇಟಾಗೆ ತುಂಬಿದ ಹಸಿರು ಬಣ್ಣ, ಹೊರಹೋಗುವುದಕ್ಕೆ ನೀಲಿ ಗೆರೆ, 5 ನಿಮಿಷಕ್ಕೊಂದು ಸರಾಸರಿ. 1999ರಲ್ಲಿ ಮಷಿನ್‌ಗಳನ್ನು ಆಗಾಗ ವಿಚಾರಿಸಿ ಕೆಟ್ಟರೆ ಎಚ್ಚರಿಸುವ ನೆಟ್‌ಸೇಂಟ್ ಅನ್ನು ಈಥನ್ ಗಾಲ್‌ಸ್ಟಡ್ ಹೊರತಂದರು, 2002ರಲ್ಲಿ ಅದರ ಹೆಸರು ನಾಗಿಯೋಸ್ ಆಯಿತು. ಎಲ್ಲವೂ ಪುಕ್ಕಟೆ, ಎಲ್ಲವೂ ಹಳೇ ಪೆಂಟಿಯಂ ಡಬ್ಬದ ಮೇಲೂ ಓಡುತ್ತಿದ್ದವು. ಸಣ್ಣ ಊರುಗಳಿಗೆ ಇವು ತಲುಪಿದ್ದಕ್ಕೆ ಇದೇ ಕಾರಣ.

ಬಳ್ಳಾರಿಗೆ ಇವು ಬಂದ ಹೊತ್ತು ಗಣಿಯ ಹೊತ್ತು. ನಾನು ಈ ಕೆಲಸಕ್ಕೆ ಬಂದದ್ದೂ ಆಗಲೇ. ಚೀನಾದ ಬೇಡಿಕೆಯಿಂದ ಅದಿರಿನ ರೇಟು ಏರಿತ್ತು. ಸಂಡೂರು, ಹೊಸಪೇಟೆ ಕಡೆ ಲಾರಿ ತೂಕದ ಕಂಪ್ಯೂಟರುಗಳು ಊರಿನ ಆಫೀಸಿನ ಲಿನಕ್ಸ್ ಸರ್ವರ್‌ಗೆ ಜೋಡಣೆಯಾಗಿದ್ದವು. ಲೈನ್ ಇಲ್ಲದ ಕಡೆ ಉಪಗ್ರಹದ ಮೂಲಕ ಸಂಪರ್ಕ ಕೊಡುವ ವಿಸ್ಯಾಟ್ ಡಿಶ್ ಹಾಕುತ್ತಿದ್ದರು. ಕೆಂಪು ಧೂಳು ಫ್ಯಾನಿಗೆ ಮೆತ್ತಿಕೊಂಡು ಬೇಸಿಗೆಯಲ್ಲಿ ಪ್ರೊಸೆಸರ್ ಕಾದು ಮಷಿನ್ ತಾನೇ ಆಫ್ ಆಗುತ್ತಿತ್ತು. ಅದಕ್ಕೆ ಲಾಗ್ (ಮಷಿನ್ ಬರೆದಿಡುವ ದಿನಚರಿ) ನೋಡುವುದಕ್ಕಿಂತ ಮೊದಲು ಡಬ್ಬ ಬಿಚ್ಚಿ ಬ್ಲೋವರ್ ಹಿಡಿಯಬೇಕಿತ್ತು.

ಆ ವಿಸ್ಯಾಟ್ ವಿಷಯದಲ್ಲೇ ಇಡೀ ಸಮಸ್ಯೆಯ ಬೀಜ ಇದೆ ಅಂತ ನನಗೆ ಅನಿಸುತ್ತದೆ. ನಾಗಿಯೋಸ್ ಜೊತೆ ಬರುವ ಮಾದರಿ ಕಾನ್ಫಿಗ್ (ಸೆಟ್ಟಿಂಗ್ ಫೈಲ್) ಪ್ರಕಾರ ಪಿಂಗ್ 100 ಮಿಲಿಸೆಕೆಂಡ್ ದಾಟಿದರೆ ಹಳದಿ, 500 ದಾಟಿದರೆ ಕೆಂಪು. ಆದರೆ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಪ್ಯಾಕೆಟ್ ಮೇಲೆ ಹೋಗಿ ಕೆಳಗೆ ಬಂದು, ಉತ್ತರ ಮತ್ತೆ ಹಾಗೇ ಬರಬೇಕಾದರೆ 500ರಿಂದ 600 ಮಿಲಿಸೆಕೆಂಡ್ ಬೇಕೇ ಬೇಕು. ಹಾಗಾಗಿ ಚೆನ್ನಾಗಿ ನಡೆಯುತ್ತಿದ್ದ ಲೈನ್ ಕೂಡ ದಿನವಿಡೀ ಕೆಂಪು. ಅಂಕಿ ಬದಲಿಸುವುದು ಎರಡು ನಿಮಿಷದ ಕೆಲಸ. ಎಷ್ಟೋ ಕಡೆ ಯಾರೂ ಬದಲಿಸಲಿಲ್ಲ. ಕೆಂಪು ನೋಡಿ ನೋಡಿ ಕಣ್ಣು ಒಗ್ಗಿತು. ನಿಜವಾಗಿ ಲೈನ್ ಬಿದ್ದಾಗ ಅದು ಇನ್ನೊಂದು ಕೆಂಪು ಅಷ್ಟೇ ಆಯಿತು.

ಜಾಗ ಗೊತ್ತಿದ್ದವರು ಕೂತು ಬರೆದ ನಾಗಿಯೋಸ್ ಮಾತ್ರ ಬೇರೆಯೇ ಇತ್ತು. ಯಾವ ಮಷಿನ್ ಯಾವ ರೌಟರ್ ಹಿಂದಿದೆ ಅಂತ ಬರೆದಿಟ್ಟರೆ, ರೌಟರ್ ಬಿದ್ದಾಗ ಹಿಂದಿನ ಮಷಿನ್‌ಗಳನ್ನೆಲ್ಲ 'ಸತ್ತಿವೆ' ಅನ್ನದೆ 'ತಲುಪಲಾಗುತ್ತಿಲ್ಲ' ಅನ್ನುತ್ತಿತ್ತು. ಹತ್ತು ಮೆಸೇಜ್ ಬರುವ ಕಡೆ ಒಂದೇ ಬರುತ್ತಿತ್ತು. ಆ ಮೆಸೇಜ್ ಕೂಡ ಇಮೇಲ್ ಅಲ್ಲ. ಲೈನ್ ಬಿದ್ದಾಗ ಇಮೇಲ್ ಹೋಗುವುದಾದರೂ ಎಲ್ಲಿಂದ? ಸರ್ವರ್‌ಗೆ ಒಂದು ಜಿಎಸ್‌ಎಂ ಮೋಡೆಮ್ ಸಿಕ್ಕಿಸಿ, ಸಿಮ್ ಹಾಕಿ, ನೇರ ಎಸ್ಸೆಮ್ಮೆಸ್ ಕಳಿಸುತ್ತಿದ್ದೆವು. ಮೆಸೇಜ್ ಬಂದ ತಕ್ಷಣ ತೂಕದ ಮನೆಗೆ ಫೋನ್ ಮಾಡಿದರೆ, "ಹೂಂ ಅಣ್ಣಾ, ಕರೆಂಟ್ ಹೋಗೈತಿ, ಯುಪಿಎಸ್ ಚೀರಕತ್ತೈತಿ" ಅನ್ನುವ ಉತ್ತರ ಬರುತ್ತಿತ್ತು. ಯಾವ ಗ್ರಾಫೂ ಕೊಡದ ಮಾಹಿತಿ ಅದು.

ಅದೇ ಕಾಲದಲ್ಲಿ ಹಸಿರಿನ ಇನ್ನೊಂದು ಮುಖವೂ ಕಂಡಿತು. 2005ರ ನಂತರ ಫೋನ್ ಲೈನಿನ ಮೇಲೆ ಓಡುವ ಡಿಎಸ್‌ಎಲ್ ಬ್ರಾಡ್‌ಬ್ಯಾಂಡ್ ಬಂತು. ಪಿಂಗ್ ಹೋಗುತ್ತಿದೆ, ಲಾಗಿನ್ ಪುಟ ಬರುತ್ತಿದೆ, ದೊಡ್ಡ ಪುಟ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಕಾರಣ ಇಷ್ಟು: ಈಥರ್ನೆಟ್ ಪ್ಯಾಕೆಟ್ 1500 ಬೈಟ್. ಬ್ರಾಡ್‌ಬ್ಯಾಂಡ್‌ನ ಪಿಪಿಪಿಓಇ ಎಂಬ ಸಂಪರ್ಕ ವಿಧಾನ ಅದರಲ್ಲಿ 8 ಬೈಟ್ ತನಗೆ ಇಟ್ಟುಕೊಳ್ಳುತ್ತದೆ, ಉಳಿಯುವುದು 1492. ದೊಡ್ಡ ಪ್ಯಾಕೆಟ್ ಬಂದರೆ ರೌಟರ್ "ಹಿಡಿಸಲ್ಲ, ಚಿಕ್ಕದು ಮಾಡು" ಅಂತ ಐಸಿಎಂಪಿ (ಪಿಂಗ್ ಕೂಡ ಬಳಸುವ, ನೆಟ್‌ವರ್ಕ್‌ನ ಸೂಚನೆಗಳ ಭಾಷೆ) ಮೆಸೇಜ್ ಕಳಿಸಬೇಕು. ನಡುವೆ ಯಾವುದೋ ಫೈರ್‌ವಾಲ್ ಪಿಂಗ್ ಒಂದನ್ನು ಬಿಟ್ಟು ಉಳಿದ ಐಸಿಎಂಪಿಯನ್ನೆಲ್ಲ ತಡೆದಿದ್ದರೆ ಆ ಮೆಸೇಜ್ ಸರ್ವರ್‌ಗೆ ತಲುಪುವುದೇ ಇಲ್ಲ. ಮಾಮೂಲಿ ಪಿಂಗ್ 84 ಬೈಟ್, ಅದು ಆರಾಮಾಗಿ ಹೋಗಿ ಬರುತ್ತದೆ. ಪಿಂಗ್‌ಗೆ ತುಂಡು ಮಾಡಬೇಡ ಅಂತ ಹೇಳಿ 1464 ಬೈಟ್ ತುಂಬಿ ಕಳಿಸಿದರೆ (ತಲೆಬರಹದ 28 ಸೇರಿ 1492) ಹೋಗುತ್ತದೆ, 1472 ತುಂಬಿದರೆ (ಸೇರಿ 1500) ಹೋಗುವುದಿಲ್ಲ. ಆಗ ರೋಗ ಸಿಕ್ಕಿತು. ರೌಟರ್‌ನಲ್ಲಿ ಟಿಸಿಪಿಯ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ತುಂಬುವ ಡೇಟಾದ ಮಿತಿ) ಇಳಿಸುವ ಒಂದು ಐಪಿಟೇಬಲ್ಸ್ (ಲಿನಕ್ಸ್ ಫೈರ್‌ವಾಲ್) ಸಾಲು ಹಾಕಿದರೆ ಮುಗಿಯಿತು. ಆದರೆ ಸರ್ವರ್ ಪಕ್ಕದಿಂದ ಪರೀಕ್ಷೆ ಮಾಡಿದವರಿಗೆ ಇದು ಎಂದಿಗೂ ಕಾಣುತ್ತಿರಲಿಲ್ಲ, ಅಲ್ವಾ?

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಗಣಿ ನೆಚ್ಚಿಕೊಂಡಿದ್ದ ಆಫೀಸುಗಳ ಜೊತೆ ಅಂಥ ಸಣ್ಣ ಸರ್ವರ್ ರೂಮುಗಳೂ ಮುಚ್ಚಿದವು. ಅತ್ತ ಎಲ್ಲರ ಸರ್ವರುಗಳೂ ದೊಡ್ಡ ಡೇಟಾ ಸೆಂಟರುಗಳಿಗೆ, ಆಮೇಲೆ ಕ್ಲೌಡ್‌ಗೆ ಹೊರಟವು. ಒಟ್ಟಿಗೆ ಇಟ್ಟರೆ ಖರ್ಚು ಕಮ್ಮಿ, ಭದ್ರತೆ ಜಾಸ್ತಿ. ಆ ಲೆಕ್ಕದಲ್ಲಿ ತಪ್ಪೇನಿಲ್ಲ. ಉಪಕರಣಗಳೂ ಬದಲಾದವು. 2012ರಲ್ಲಿ ಸೌಂಡ್‌ಕ್ಲೌಡ್‌ನಲ್ಲಿ ಹುಟ್ಟಿದ, ಅಂಕಿ ಕೂಡಿಡುವ ಪ್ರೊಮಿಥಿಯಸ್, ಅಂಕಿಗಳನ್ನು ಗ್ರಾಫ್ ಮಾಡಿ ತೋರಿಸುವ 2014ರ ಗ್ರಫಾನಾ, ಅದೇ ವರ್ಷ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಇಣುಕಲು ಬಿಟ್ಟ ಇಬಿಪಿಎಫ್. ಇವತ್ತು ಒಂದೊಂದು ಸರ್ವರ್‌ನಿಂದ ಸಾವಿರಾರು ಅಂಕಿಗಳು, ಸಾಮಾನ್ಯವಾಗಿ 15 ಸೆಕೆಂಡಿಗೊಮ್ಮೆ ಬರುತ್ತವೆ. ಎಂಆರ್‌ಟಿಜಿಯ 5 ನಿಮಿಷದ ಸರಾಸರಿಯಲ್ಲಿ ಅಡಗಿಹೋಗುತ್ತಿದ್ದ 20 ಸೆಕೆಂಡಿನ ತೊಡಕು ಈಗ ಅಡಗಲ್ಲ. ಇದು ನಿಜಕ್ಕೂ ದೊಡ್ಡ ಲಾಭ.

ಆದರೆ ಅಂಕಿ ಎಲ್ಲಿ ತೆಗೆಯುತ್ತಾರೆ ಅನ್ನುವುದು ಬದಲಾಗಲಿಲ್ಲ, ಇನ್ನಷ್ಟು ದೂರ ಹೋಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರಾಯಚೂರು ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡ್ಯಾಮಿನ ಗೇಟಿನ ಹತ್ತಿರ ಅಳೆದ ನೀರಿಗೂ ತಮ್ಮ ಹೊಲಕ್ಕೆ ಬಂದ ನೀರಿಗೂ ಎಷ್ಟು ಅಂತರ ಅಂತ ಅವರಿಗೆ ಗೊತ್ತು.

ಗುತ್ತಿಗೆಯ ಭಾಷೆಯಲ್ಲಿ ಇದು ಇನ್ನೂ ಗೋಜಲು. 99 ಪರ್ಸೆಂಟ್ ಅಪ್‌ಟೈಮ್ (ಸರ್ವರ್ ಎದ್ದಿರುವ ಹೊತ್ತು) ಅಂತ ಬರೆದಿದ್ದರೆ ಕೇಳಲು ಚೆಂದ. 30 ದಿನದ ತಿಂಗಳಿಗೆ 720 ಗಂಟೆ, ಅದರ ಒಂದು ಪರ್ಸೆಂಟ್ ಅಂದರೆ 7 ಗಂಟೆ 12 ನಿಮಿಷ. ದಿನಕ್ಕೆ ಕಿಟಕಿ ತೆರೆದಿರುವುದು ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಒಂದು ಪೂರ್ತಿ ದಿನ ಯಾರಿಗೂ ಕೆಲಸ ಆಗದೆ ಹೋದರೂ ಕರಾರು ಮುರಿದಂತೆ ಆಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಸರ್ವರ್ ಎದ್ದಿದ್ದದ್ದೂ ಲೆಕ್ಕಕ್ಕೆ ಸೇರುತ್ತದೆ. ಹೊಸಪೇಟೆ ರಸ್ತೆಯಲ್ಲಿ ಜೆಸಿಬಿ ಫೈಬರ್ ಕಡಿದರೆ ಅದು ಲೈನಿನವರ ಬಾಬ್ತು, ಸರ್ವರ್ ಲೆಕ್ಕಕ್ಕೆ ಬರುವುದೇ ಇಲ್ಲ. ಲೈನಿನವರು, ಸರ್ವರ್‌ನವರು, ಸಾಫ್ಟ್‌ವೇರ್‌ನವರು, ಪ್ರತಿಯೊಬ್ಬರ ಪರದೆಯೂ ತಮ್ಮ ಪಾಲಿಗೆ ಹಸಿರು. ಮೂರರ ನಡುವಿನ ಸಂದಿಗೆ ಪರದೆ ಇಲ್ಲ.

ಡಿಸ್ಕ್ ವಿಷಯವೇ ನೋಡಿ. ಜಾಗ ಅರ್ಧ ಖಾಲಿ ಇದೆ ಅಂತ ಡಿಸ್ಕ್ ಲೆಕ್ಕ ಹೇಳುವ ಡಿಎಫ್ ಕಮಾಂಡ್ ತೋರಿಸುತ್ತದೆ, ಹೊಸ ಫೈಲ್ ಮಾತ್ರ ಹುಟ್ಟುವುದಿಲ್ಲ. ಲಕ್ಷಗಟ್ಟಲೆ ಪುಟ್ಟ ಸೆಷನ್ ಫೈಲುಗಳು ಐನೋಡ್‌ಗಳನ್ನೆಲ್ಲ (ಫೈಲಿಗೊಂದರಂತೆ ಬೇಕಾಗುವ ನೋಂದಣಿ ಜಾಗ) ತಿಂದಿರುತ್ತವೆ. ಡಿಎಫ್‌ಗೆ 'ಐ' ಸೇರಿಸಿ ಕೇಳಿದರೆ 100 ಪರ್ಸೆಂಟ್ ಅಂತ ಕಾಣುತ್ತದೆ. ಕೇಳುವುದನ್ನು ಯಾರೂ ಹೇಳಿಕೊಟ್ಟಿರದಿದ್ದರೆ ಪರದೆ ಹಸಿರೇ.

2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಆದೇಶ ಬಂತು. ಲಾಗುಗಳನ್ನು 180 ದಿನ ಇಡಬೇಕು, ಎಲ್ಲ ಮಷಿನ್‌ಗಳ ಗಡಿಯಾರ ಸರಿಹೊಂದಿರಬೇಕು ಅಂತ. ಅದು ಸೈಬರ್ ದಾಳಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಆದರೂ ಎರಡು ಕಡೆಯ ಲಾಗ್ ಪಕ್ಕಪಕ್ಕ ಇಟ್ಟು ಹತ್ತೂ ಇಪ್ಪತ್ತಕ್ಕೆ ಎಲ್ಲಿ ಕಡಿಯಿತು ಅಂತ ನೋಡಲು ಇದರಿಂದ ಸಹಾಯವಾಗುತ್ತದೆ.

ಉಳಿದದ್ದು ಕಿಟಕಿಯ ಕಡೆಯ ಅಂಕಿ. ಅದಕ್ಕೆ ದುಬಾರಿ ಸಾಮಾನು ಬೇಡ. ತಾಲ್ಲೂಕಿಗೊಂದು ಹಳೇ ಪಿಸಿ ಇಟ್ಟು, ಜನ ಬಳಸುವ ಅದೇ ಲೈನಿನಿಂದ, ಅದೇ ಪುಟವನ್ನು ನಿಮಿಷಕ್ಕೊಮ್ಮೆ ಕರ್ಲ್ ಎಂಬ ಪ್ರೋಗ್ರಾಂನಿಂದ ತೆರೆಸಿದರೆ ಸಾಕು. ಹೆಸರು ಹುಡುಕಲು ಎಷ್ಟು ಹೊತ್ತು, ಸಂಪರ್ಕ ಸಿಗಲು ಎಷ್ಟು, ಮೊದಲ ಬೈಟ್ ಬರಲು ಎಷ್ಟು ಅಂತ ಕರ್ಲ್ ಬೇರೆ ಬೇರೆ ಮಾಡಿ ಬರೆದುಕೊಡುತ್ತದೆ. ಮೊದಲನೆಯದು ಏರಿದರೆ, ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ನೋಡಬೇಕು. ಮೊದಲನೆಯದು ಹಾಗೇ ಇದ್ದು ಎರಡನೆಯದು ಏರಿದರೆ ಲೈನಿನವರಿಗೆ ಫೋನ್ ಮಾಡಬೇಕು. ಮೂರನೆಯದು ಒಂದೇ ಏರಿದರೆ ಡೇಟಾಬೇಸ್ ನೋಡಿಕೊಳ್ಳುವವರಿಗೆ.