ಲೈವ್ ದುಂಡುಮೇಜಿನ ಪಾಡ್‌ಕಾಸ್ಟ್ ನಡೆಸುವುದು: ವಿಷಯ ಬ್ಲಾಗ್ ತಂತ್ರಾಂಶ, ಕಾಲ ಮಲೆನಾಡಿನ ಮಳೆಗಾಲ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಕೂತು ಪಾಡ್‌ಕಾಸ್ಟ್ ಕೆಲಸ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ನಾಲ್ಕೈದು ಜನ ಬೇರೆ ಬೇರೆ ಊರಿನಿಂದ ನೆಟ್‌ನಲ್ಲಿ ಸೇರಿ ಬ್ಲಾಗ್ ತಂತ್ರಾಂಶಗಳ (ವರ್ಡ್‌ಪ್ರೆಸ್‌ನ ಹಾಗೆ ಬ್ಲಾಗ್ ಬರೆದು ಪ್ರಕಟಿಸಲು ಬಳಸುವ ಸಾಫ್ಟ್‌ವೇರ್) ಬಗ್ಗೆ ನೇರಪ್ರಸಾರದಲ್ಲಿ ಮಾತಾಡುತ್ತಾರೆ, ನಡೆಸುವವರು ನೀವು ಅಂತ ಇಟ್ಟುಕೊಳ್ಳಿ. ಒಬ್ಬರ ಸಂದರ್ಶನ ಮಾಡುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಸಂದರ್ಶನದಲ್ಲಿ ಪ್ರಶ್ನೆ ಚೆನ್ನಾಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲಿ ಪ್ರಶ್ನೆಗಿಂತ ಸರದಿ ಮುಖ್ಯ. ಈಗ ಯಾರು, ಆಮೇಲೆ ಯಾರು, ಯಾರದ್ದು ಸಾಕು?

ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಅರ್ಥಧಾರಿಗಳು ಕೂತಲ್ಲೇ ವಾದ ಹೂಡುತ್ತಾರೆ. ಮಾತು ಅವರದ್ದೇ, ಆದರೆ ಪ್ರಸಂಗ ಮುಂದೆ ಹೋಗುವುದು ಭಾಗವತರ ಪದ್ಯದಿಂದ. ಯಾರಾದರೂ ಅತಿಯಾಗಿ ಎಳೆದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಂಡರೆ ಆಯಿತು. ಹೋಸ್ಟ್ ಕೂರಬೇಕಾದ್ದು ಆ ಜಾಗದಲ್ಲಿ. ಜಾಸ್ತಿ ಜನ ಹೋಗಿ ಅರ್ಥಧಾರಿಯ ಜಾಗದಲ್ಲಿ ಕೂರುತ್ತಾರೆ, ತಮಗೂ ವರ್ಡ್‌ಪ್ರೆಸ್ ಗೊತ್ತು ಅಂತ ತೋರಿಸಲಿಕ್ಕೆ.

ಎದುರಿಗೆ ಕೂತಿದ್ದರೆ ಕಣ್ಣಸನ್ನೆ ಸಾಕು. ನೆಟ್‌ನಲ್ಲಿ ದನಿ ತಡವಾಗಿ ಬರುತ್ತದೆ, ಅಲ್ಲೇ ತೊಂದರೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಪ್ರಕಾರ ಈ ಕಡೆಯ ದನಿ ಆ ಕಡೆಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಮಾತುಕತೆ ಸಹಜವಾಗಿರುತ್ತದೆ. 400 ದಾಟಬಾರದು. ನಮ್ಮ ಕಡೆ ಮೊಬೈಲ್ ನೆಟ್‌ವರ್ಕ್ ಒಂದು ಗೆರೆಗೆ ಇಳಿದಾಗ ಈ ಲೆಕ್ಕವೆಲ್ಲ ತಪ್ಪುತ್ತದೆ. ಒಬ್ಬರು ನಿಲ್ಲಿಸಿದರು ಅಂತ ಇಬ್ಬರು ಒಟ್ಟಿಗೆ ಶುರು ಮಾಡುತ್ತಾರೆ, ಒಟ್ಟಿಗೆ ನಿಲ್ಲಿಸುತ್ತಾರೆ, 'ನೀವು ಹೇಳಿ', 'ಇಲ್ಲ ಇಲ್ಲ, ನೀವು ಹೇಳಿ' ಅಂತ ಮರ್ಯಾದೆಯಲ್ಲೇ ಅರ್ಧ ನಿಮಿಷ ಹೋಗುತ್ತದೆ. ಕೇಳುಗರಿಗೆ ಇದಕ್ಕಿಂತ ಬೇಜಾರು ಬೇರೆ ಇಲ್ಲ.

ಪರಿಹಾರ ಸುಲಭ. 'ಯಾರಾದರೂ ಹೇಳ್ತೀರಾ?' ಅಂತ ಕೇಳಲೇಬೇಡಿ. ಪ್ರಶ್ನೆಯ ಮೊದಲ ಪದವೇ ಒಬ್ಬರನ್ನು ಕರೆಯಬೇಕು, ಕೊನೆಗೆ ಮುಂದಿನವರನ್ನೂ ಎಚ್ಚರಿಸಬೇಕು. ಹೀಗೆ: 'ಮೇಷ್ಟ್ರೇ, ನೀವು ವರ್ಡ್‌ಪ್ರೆಸ್ ಬಿಟ್ಟು ಹ್ಯೂಗೋಗೆ ಹೋದಿರಿ. ಸಾಗಿಸುವಾಗ ಏನೇನು ಕಳೆದುಹೋಯಿತು? ಅಕ್ಕ, ಆಮೇಲೆ ನಿಮ್ಮ ಹತ್ತಿರ ಬರ್ತೀನಿ.' (ಹ್ಯೂಗೋ ಅಂದರೆ ಇನ್ನೊಂದು ಬ್ಲಾಗ್ ತಂತ್ರಾಂಶ.) ಮೇಷ್ಟ್ರು ಮಾತಾಡುವಷ್ಟು ಹೊತ್ತು ಅಕ್ಕ ತಯಾರಾಗುತ್ತಾರೆ, ಮ್ಯೂಟ್ ತೆಗೆಯುತ್ತಾರೆ. ಚಾಟ್‌ನಲ್ಲಿ ಬರುವ ಪ್ರಶ್ನೆಗಳ ಕಥೆಯೂ ಇದೇ. ಯೂಟ್ಯೂಬ್ ಲೈವ್‌ನಲ್ಲಿ ನೋಡುವವರು ನಿಮಗಿಂತ ಹಲವು ಸೆಕೆಂಡು ಹಿಂದಿರುತ್ತಾರೆ, ಹಾಗಾಗಿ ಅವರ ಪ್ರಶ್ನೆ ಬರುವಷ್ಟರಲ್ಲಿ ನೀವು ಬೇರೆ ವಿಷಯಕ್ಕೆ ಹೋಗಿರುತ್ತೀರಿ. ಅವನ್ನು ಕೂಡಿಟ್ಟು ಒಂದೊಂದು ಭಾಗ ಮುಗಿದಾಗ ತೆಗೆದುಕೊಳ್ಳಿ.

ಇನ್ನು ವಿಷಯ. ಬ್ಲಾಗ್ ತಂತ್ರಾಂಶ ಅಂದ ಕೂಡಲೇ ಮಾತು 'ನಂದು ಚೆನ್ನಾಗಿದೆ, ನಿಂದು ಚೆನ್ನಾಗಿಲ್ಲ' ಅನ್ನುವ ಕಡೆ ಜಾರುತ್ತದೆ. 'ಯಾವುದು ಒಳ್ಳೆಯದು?' ಅಂತ ಕೇಳಿದರೆ ಜಗಳವಾದರೂ ಆಗುತ್ತದೆ, ಜಾಹೀರಾತಾದರೂ ಆಗುತ್ತದೆ. ಜನ ಯಾವಾಗ, ಯಾಕೆ ಬಿಟ್ಟು ಹೋದರು ಅಂತ ಕೇಳಿ. ಮೂವಬಲ್ ಟೈಪ್ ಅನ್ನುವ ಬ್ಲಾಗ್ ತಂತ್ರಾಂಶ 2001ರಲ್ಲಿ ಬಂದು ಬರೆಯುವವರ ಮೆಚ್ಚಿನದಾಗಿತ್ತು. 2004ರ ಮೇ ತಿಂಗಳಲ್ಲಿ 3.0 ಆವೃತ್ತಿಯ ಜೊತೆ ಪರವಾನಗಿ, ದರದ ಲೆಕ್ಕ ಬದಲಾದವು. ಅದೇ ತಿಂಗಳು ವರ್ಡ್‌ಪ್ರೆಸ್ 1.2 ಪ್ಲಗಿನ್ (ಬೇಕಾದ ಹೊಸ ಕೆಲಸ ಜೋಡಿಸಿಕೊಳ್ಳುವ) ಸೌಲಭ್ಯದ ಜೊತೆ ಹೊರಬಂತು, ಬಹಳ ಜನ ಆ ಕಡೆ ಹೋದರು. ವರ್ಡ್‌ಪ್ರೆಸ್ ಕೂಡ ಸುಮ್ನೆ ಹುಟ್ಟಿದ್ದಲ್ಲ. ಬಿ2 ಅನ್ನುವ ತಂತ್ರಾಂಶದ ಕೆಲಸ ನಿಂತುಹೋದಾಗ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ಅದರ ಕೋಡನ್ನೇ ತೆಗೆದುಕೊಂಡು, ಕವಲೊಡೆಸಿ 2003ರಲ್ಲಿ ಹೊಸ ಹೆಸರಲ್ಲಿ ತಂದರು. ಯಾರು ಬೇಕಾದರೂ ಕೋಡ್ ಬದಲಾಯಿಸಿ ಹಂಚಬಹುದು ಅನ್ನುವ ಜಿಪಿಎಲ್ ಪರವಾನಗಿ ಇದ್ದದ್ದಕ್ಕೇ ಅದು ಸಾಧ್ಯವಾಯಿತು. 2018ರ ಡಿಸೆಂಬರ್‌ನಲ್ಲಿ 5.0 ಬಂದು ಬ್ಲಾಕ್ ಎಡಿಟರ್ (ಬರಹವನ್ನು ತುಂಡು ತುಂಡಾಗಿ ಜೋಡಿಸುವ ಹೊಸ ವಿಧಾನ) ಹೇರಿತು. ಹೀಗಾಗುತ್ತದೆ ಅಂತ ಗೊತ್ತಾಗಿ, ಹಳೆಯ ಎಡಿಟರೇ ಬೇಕು ಅಂದವರು ಅದಕ್ಕೂ ಮೊದಲೇ ಕ್ಲಾಸಿಕ್‌ಪ್ರೆಸ್ ಅಂತ ಇನ್ನೊಂದು ಕವಲು ಮಾಡಿಕೊಂಡರು. ಈ ಮೂರು ಘಟನೆ ಹಿಡಿದುಕೊಂಡರೆ ಒಂದು ಗಂಟೆಗೆ ಧಾರಾಳ ಸಾಕು.

ಕನ್ನಡದಲ್ಲಿ ಬರೆಯುವವರನ್ನು ಕೂರಿಸಿದರೆ ಅವರಿಗಷ್ಟೇ ಗೊತ್ತಿರುವ ಪ್ರಶ್ನೆ ಹಾಕಬೇಕು. ವರ್ಡ್‌ಪ್ರೆಸ್‌ನಲ್ಲಿ 'ಮಳೆಗಾಲದಲ್ಲಿ ಅಡಿಕೆ ತೋಟದ ಕೊಳೆರೋಗ' ಅಂತ ತಲೆಬರಹ ಕೊಡಿ. ಅದು ತಾನಾಗಿ ಮಾಡಿಕೊಳ್ಳುವ ಕೊಂಡಿ (ಲಿಂಕ್) 'ಮಳೆಗಾಲದಲ್ಲಿ-ಅಡಿಕೆ-ತೋಟದ-ಕ' ಅನ್ನುವಲ್ಲಿಗೆ ನಿಲ್ಲುತ್ತದೆ. ರೋಗವೇ ಮಾಯ! ಕಾರಣ ಇಷ್ಟು: ಕಂಪ್ಯೂಟರ್ ಅಕ್ಷರಗಳನ್ನು ಬರೆದಿಟ್ಟುಕೊಳ್ಳುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಕೊಂಡಿಯಲ್ಲಿ ಪ್ರತಿ ಬೈಟನ್ನು ಶೇಕಡಾ ಚಿಹ್ನೆ ಹಾಕಿ ಬರೆದಾಗ ಅದು 3 ಅಕ್ಷರವಾಗುತ್ತದೆ, ಅಂದರೆ ಒಂದು ಕನ್ನಡ ಸಂಕೇತಕ್ಕೆ 9. ವರ್ಡ್‌ಪ್ರೆಸ್ ಇಟ್ಟಿರುವ ಮಿತಿ ಇಂಥ 200 ಅಕ್ಷರ. ಒತ್ತು, ಗುಣಿತದ ಚಿಹ್ನೆಗಳೂ ಬೇರೆ ಬೇರೆ ಲೆಕ್ಕಕ್ಕೆ ಬರುವುದರಿಂದ ಹೆಚ್ಚೆಂದರೆ 22 ಸಂಕೇತಕ್ಕೆ ಕತ್ತರಿ ಬೀಳುತ್ತದೆ. ಇದನ್ನು ನೀವೇ ವಿವರಿಸಬೇಡಿ. 'ನಿಮ್ಮ ಕೊಂಡಿಗಳು ಯಾಕೆ ಅರ್ಧಕ್ಕೆ ನಿಲ್ಲುತ್ತವೆ?' ಅಂತ ಕೇಳಿ ಸುಮ್ಮನಿರಿ. ಒಬ್ಬರು ಇಂಗ್ಲಿಷ್ ಅಕ್ಷರದ ಕೊಂಡಿ ಬರೆಯುತ್ತೇನೆ ಅನ್ನುತ್ತಾರೆ, ಇನ್ನೊಬ್ಬರು ತಾರೀಕು ಸಾಕು ಅನ್ನುತ್ತಾರೆ, ಮೂರನೆಯವರಿಗೆ ಸಿಟ್ಟು ಬರುತ್ತದೆ. ಮಾತು ಕಾವೇರುವುದು ಹೀಗೆ.

ಲೈವ್‌ನಲ್ಲಿ ಒಂದು ವಿಷಯಕ್ಕೆ ಎಚ್ಚರ ಬೇಕು. 2024ರಲ್ಲಿ ಮುಲ್ಲೆನ್‌ವೆಗ್ ಅವರ ಆಟೋಮ್ಯಾಟಿಕ್ ಕಂಪನಿಗೂ ವೆಬ್‌ಸೈಟ್ ಹೋಸ್ಟಿಂಗ್ ಮಾಡುವ ಡಬ್ಲ್ಯೂಪಿ ಎಂಜಿನ್‌ಗೂ ಜಗಳ ಬಿದ್ದು ಅಮೆರಿಕದ ಕೋರ್ಟಿಗೆ ಹೋಯಿತು. ಈ ಮಾತು ಬಂದೇ ಬರುತ್ತದೆ. ಅತಿಥಿ ಆವೇಶದಲ್ಲಿ ಒಂದು ಕಡೆಯವರ ಆರೋಪವನ್ನೇ ಸತ್ಯ ಅಂತ ಹೇಳಿಬಿಟ್ಟರೆ ನೇರಪ್ರಸಾರದಲ್ಲಿ ಅಳಿಸಲಾಗುವುದಿಲ್ಲ. 'ಇದು ಅವರು ಮಾಡಿರುವ ಆರೋಪ, ಅಲ್ವಾ?' ಅಂತ ಹೋಸ್ಟ್ ಒಂದೇ ವಾಕ್ಯ ಸೇರಿಸಿದರೆ ಸಾಕು.

ಮಳೆ, ಕರೆಂಟು. ಮೊದಲ ನಿಯಮ, ಮಾತು ನಡೆಸುವವರೂ ಪ್ರಸಾರ ನೋಡಿಕೊಳ್ಳುವವರೂ ಒಬ್ಬರೇ ಆಗಬಾರದು. ಪ್ರಸಾರದ ಕಂಪ್ಯೂಟರ್ ಶಿವಮೊಗ್ಗ ಪೇಟೆಯಲ್ಲಿ ಫೈಬರ್ ಮತ್ತು ಯುಪಿಎಸ್ ಇರುವವರ ಮನೆಯಲ್ಲಿರಲಿ. ಹಳ್ಳಿಯಲ್ಲಿ ಕೂತ ಹೋಸ್ಟ್‌ನ ನೆಟ್ ಹೋದರೂ ಉಳಿದವರ ಮಾತು ನಡೆಯುತ್ತದೆ, ಆಗ ಯಾರು ಮುಂದುವರಿಸಬೇಕು ಅಂತ ಮೊದಲೇ ತೀರ್ಮಾನವಾಗಿರಬೇಕು. ಮೊಬೈಲ್ ಹಾಟ್‌ಸ್ಪಾಟ್ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ, ಆಗುಂಬೆ ಕಡೆಯ ಮಳೆಯಲ್ಲಿ ಕರೆಂಟು ಹೋಗಿ ತುಂಬಾ ಹೊತ್ತಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ನೆಟ್ ಸೊರಗಿದರೆ ಮೊದಲು ವಿಡಿಯೋ ಆಫ್ ಮಾಡಿಸಿ. ಮಾತಿಗೆ ಬಹಳ ಕಡಿಮೆ ಡಾಟಾ ಸಾಕು.

ತಗಡಿನ ಮಾಡಿನ ಮೇಲೆ ಮಳೆ ಬೀಳುವಾಗ ಎಲ್ಲರೂ ಸದ್ದು ತೆಗೆಯುವ ಸಾಫ್ಟ್‌ವೇರ್ ಹುಡುಕುತ್ತಾರೆ. ಅದು ಮಳೆಯ ಜೊತೆ ಸ, ಶ ಅಕ್ಷರಗಳನ್ನೂ ನುಂಗುತ್ತದೆ, ಯಾಕೆಂದರೆ ಅವೂ ಮಳೆಯ ಹಾಗೇ ಹಿಸ್ಸೆನ್ನುವ ಸದ್ದು. ಮೈಕು ಹತ್ತಿರ ತನ್ನಿ. ದೂರ ಅರ್ಧಕ್ಕಿಳಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಮಳೆ ಏರುವುದಿಲ್ಲ. ಮಂಚ, ಹಾಸಿಗೆ, ಕಂಬಳಿ ತುಂಬಿರುವ ಒಳಕೋಣೆ ಜಗಲಿಗಿಂತ ಎಷ್ಟೋ ವಾಸಿ. ಎಲ್ಲರಿಗೂ ಇಯರ್‌ಫೋನ್ ಕಡ್ಡಾಯ.

ನೇರಪ್ರಸಾರದ ದನಿಯನ್ನೇ ಪಾಡ್‌ಕಾಸ್ಟ್ ಆಗಿ ಹಾಕಬೇಡಿ. ಪ್ರತಿಯೊಬ್ಬರೂ ತಮ್ಮ ತಮ್ಮ ಕಡೆ ಪ್ರತ್ಯೇಕ ರೆಕಾರ್ಡ್ ಮಾಡಿಕೊಳ್ಳಲಿ. 48 ಕಿಲೋಹರ್ಟ್ಸ್, 16 ಬಿಟ್, ಮೋನೋ ವೇವ್ ಫೈಲ್ ಗಂಟೆಗೆ ಸುಮಾರು 345 ಎಂಬಿ ಆಗುತ್ತದೆ. ಎಲ್ಲರ ರೆಕಾರ್ಡನ್ನು ಆಮೇಲೆ ಒಂದಕ್ಕೊಂದು ಹೊಂದಿಸಲು ಶುರುವಿನಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲೂ ಒಂದು. ಎರಡನೆಯದು ಯಾಕೆ ಅಂದರೆ, ಬೇರೆ ಬೇರೆ ಸಾಧನಗಳ ಗಡಿಯಾರ ಪಕ್ಕಾ ಒಂದೇ ವೇಗದಲ್ಲಿ ಓಡುವುದಿಲ್ಲ. ಮೊದಲ ಚಪ್ಪಾಳೆ ಹೊಂದಿಸಿದರೂ ಗಂಟೆ ಕಳೆಯುವಷ್ಟರಲ್ಲಿ ನಗು ಜೋಕಿಗಿಂತ ಮೊದಲೇ ಬಂದಿರುತ್ತದೆ. ಎಷ್ಟು ಸರಿದಿದೆ ಅಂತ ಕೊನೆಯ ಚಪ್ಪಾಳೆ ತೋರಿಸುತ್ತದೆ.

ಎಡಿಟ್ ಮುಗಿದ ಮೇಲೆ ದನಿಯ ಒಟ್ಟಾರೆ ಗಟ್ಟಿತನವನ್ನು, ಅದರ ಅಳತೆಯಲ್ಲಿ ಹೇಳುವುದಾದರೆ, ಮೈನಸ್ 16 ಎಲ್‌ಯುಎಫ್‌ಎಸ್ ಹತ್ತಿರ ಇಡಿ, ಆಪಲ್ ಹೇಳುವುದೂ ಅದನ್ನೇ. 64 ಕೆಬಿಪಿಎಸ್ ಮೋನೋ ಎಂಪಿ3 ಮಾಡಿದರೆ ಗಂಟೆಗೆ 29 ಎಂಬಿ ಅಷ್ಟೇ. ಹಂಚಲು ಮತ್ತೆ ಬ್ಲಾಗ್ ತಂತ್ರಾಂಶವೇ ಬೇಕು. ಆರ್‌ಎಸ್‌ಎಸ್ ಫೀಡಿನಲ್ಲಿ (ಹೊಸದು ಬಂದಿದೆ ಅಂತ ಆ್ಯಪ್‌ಗಳಿಗೆ ತಿಳಿಸುವ ಪಟ್ಟಿ) ಆಡಿಯೋ ಫೈಲಿನ ವಿಳಾಸ, ಗಾತ್ರ, ಬಗೆ ಹೇಳುವ ಎನ್‌ಕ್ಲೋಷರ್ ಅನ್ನುವ ಸಾಲನ್ನು ಆ ಪದ್ಧತಿ ಬೆಳೆಸಿದವರಲ್ಲಿ ಒಬ್ಬರಾದ ಡೇವ್ ವೈನರ್ 2000ದ ಕೊನೆಗೆ ಅದರ 0.92 ಆವೃತ್ತಿಯಲ್ಲಿ ಸೇರಿಸಿದರು. ಪಾಡ್‌ಕಾಸ್ಟ್ ಅನ್ನುವುದು ನಿಂತಿರುವುದೇ ಅದರ ಮೇಲೆ. ಬರಹದಲ್ಲಿ ಎಂಪಿ3 ಕೊಂಡಿ ಹಾಕಿದರೆ ವರ್ಡ್‌ಪ್ರೆಸ್ ಈ ಸಾಲನ್ನು ತಾನೇ ಸೇರಿಸುತ್ತದೆ. ಪ್ರಕಟಿಸಿದ ಮೇಲೆ ಫೈಲು ಬದಲಾಯಿಸಿದರೆ ಆಗಲೇ ಇಳಿಸಿಕೊಂಡವರ ಫೋನಿನಲ್ಲಿ ಹಳೆಯದೇ ಉಳಿಯುತ್ತದೆ, ಹಾಗಾಗಿ ಪ್ರಕಟಿಸುವ ಮೊದಲೇ ಅತಿಥಿಗಳಿಗೆಲ್ಲ ಒಮ್ಮೆ ಕೇಳಿಸಿ.