ಆರಾಧನೆ ಅಂದರೆ ಹಾಡಿನ ಅರ್ಧ ಗಂಟೆ ಅಲ್ಲ

“ಆರಾಧನೆ ಮುಗೀತು, ಈಗ ವಾಕ್ಯಕ್ಕೆ (ಅಂದರೆ ಬೈಬಲ್ ಬೋಧನೆಗೆ) ಹೋಗೋಣ.” ಕ್ರೈಸ್ತ ಕೂಟಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹಾಡುವವರು ಆರಾಧನಾ ತಂಡ. ಹಾಡಿಸುವವರು ವರ್ಶಿಪ್ ಲೀಡರ್. ಗಿಟಾರ್ ಕೆಳಗಿಟ್ಟರೆ ಆರಾಧನೆಯೂ ಖತಂ. ಹಾಗಾದರೆ ಆಮೇಲೆ ನಡೆಯುವ ಪ್ರಾರ್ಥನೆ, ವಾಕ್ಯ, ಕಾಣಿಕೆ, ಯೇಸುವಿನ ನೆನಪಿಗೆ ರೊಟ್ಟಿ-ದ್ರಾಕ್ಷಾರಸ ಹಂಚುವ ಕರ್ತನ ಭೋಜನ ಇವೆಲ್ಲ ಏನು? ಮೊನ್ನೆ ಒಂದು ಪೋಸ್ಟರಿನಲ್ಲಿ “ಸಂದೇಶ ಬೇಡ, ಬರೀ ಆರಾಧನೆ” ಅಂತ ಕಂಡಿತು. ಇನ್ನು ಸುಮ್ನಿರೋದು ಕಷ್ಟ.

ಹಾಡಿನ ಮೇಲೆ ನನಗೇನೂ ಸಿಟ್ಟಿಲ್ಲ. ಯೇಸು ಮತ್ತು ಶಿಷ್ಯರು ಕೊನೆಯ ಊಟ ಮುಗಿಸಿ, ಕೀರ್ತನೆ ಹಾಡಿಯೇ ಎಣ್ಣೇಮರಗಳ ಗುಡ್ಡಕ್ಕೆ ಹೊರಟರು. ಬೈಬಲಿನ ನಡುಮಧ್ಯೆ 150 ಕೀರ್ತನೆಗಳು ಕೂತಿವೆ. ಆದರೆ ಹಾಡಿ ಹೊಗಳುವುದಕ್ಕೆ ‘ಸ್ತುತಿ’ ಅನ್ನುವ ಚಂದದ ಪದ ನಮ್ಮಲ್ಲಿ ಆಗಲೇ ಇದೆ, ಅಲ್ವಾ? ಅದನ್ನು ಮೂಲೆಗೆ ತಳ್ಳಿ, ಅದಕ್ಕಿಂತ ಎಷ್ಟೋ ದೊಡ್ಡ ಪದವನ್ನು ಕತ್ತರಿಸಿ ಆ ಜಾಗಕ್ಕೆ ತುರುಕಿದ್ದೇವೆ.

ಪದ ಎಲ್ಲಿಂದ ಬಂತು ನೋಡಿ. ಸಂಸ್ಕೃತದ ‘ರಾಧ್’ ಧಾತುವಿಗೆ ಈಡೇರಿಸು, ಮೆಚ್ಚಿಸು ಅನ್ನುವ ಅರ್ಥಗಳಿವೆ. ಮುಂದೆ ‘ಆ’ ಸೇರಿದರೆ ಆರಾಧನೆ: ಒಬ್ಬರನ್ನು ಸಂತೋಷಪಡಿಸುವುದು, ಒಲಿಸಿಕೊಳ್ಳುವುದು. ಹಾಡು, ರಾಗ, ತಾಳ ಎಲ್ಲೂ ಇಲ್ಲ. ಯಾರಿಗೆ ಮೆಚ್ಚಿಗೆಯಾಯಿತು ಅನ್ನುವ ಪ್ರಶ್ನೆ ಮಾತ್ರ ಪದದ ಹೊಟ್ಟೆಯಲ್ಲೇ ಇದೆ. “ಇವತ್ತು ಆರಾಧನೆ ಸೂಪರ್, ಮೈ ಜುಮ್ಮಂತು” ಅನ್ನುವವರು ಆ ಪ್ರಶ್ನೆಗೆ ಉತ್ತರ ಕೊಟ್ಟೇಬಿಟ್ಟಿದ್ದಾರೆ. ಮೆಚ್ಚಿದ್ದು ನಾವು. ದೇವರನ್ನು ಯಾರೂ ಕೇಳಿಲ್ಲ.

ಬೈಬಲಿನ ಮೂಲ ಭಾಷೆಗಳಿಗೆ ಹೋದರೆ ವಿಷಯ ಇನ್ನೂ ಖಾರ. ಹೀಬ್ರೂವಿನಲ್ಲಿ ಆರಾಧನೆಗೆ ಮುಖ್ಯವಾಗಿ ಎರಡು ಪದಗಳಿವೆ. ಒಂದರ ಅರ್ಥ ಅಡ್ಡಬೀಳುವುದು. ದೇವರ ಮಾತಿನಂತೆ ಮಗನನ್ನೇ ಬಲಿ ಕೊಡಲು ಹೊರಟ ಅಬ್ರಹಾಮನು ಆಳುಗಳಿಗೆ “ನೀವು ಇಲ್ಲೇ ಇರಿ, ನಾವು ಹೋಗಿ ಆರಾಧಿಸಿ ಬರುತ್ತೇವೆ” ಅಂದಾಗ ಬಳಸಿದ್ದು ಇದನ್ನೇ. ಮಗನ ಹೆಗಲ ಮೇಲೆ ಕಟ್ಟಿಗೆ, ಅಪ್ಪನ ಕೈಯಲ್ಲಿ ಬೆಂಕಿ ಮತ್ತು ಕತ್ತಿ. ಆ ಬೆಟ್ಟದ ದಾರಿಯಲ್ಲಿ ಹಾಡು ಹುಡುಕಿ ನೋಡಿ.

ಇನ್ನೊಂದು ಪದ ‘ಅವೋದಾ’. ಅದರ ಅರ್ಥ ದುಡಿಮೆ, ಸೇವೆ. ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಇಸ್ರಾಯೇಲ್ಯರಿಂದ ಮಣ್ಣು ಕಲಸಿಸಿ, ಇಟ್ಟಿಗೆ ಮಾಡಿಸಿದ ಬಿಟ್ಟಿ ಕೆಲಸಕ್ಕೂ ಬೈಬಲಿನ ವಿಮೋಚನಕಾಂಡ ಪುಸ್ತಕ ಇದೇ ಪದವನ್ನು ಬಳಸುತ್ತದೆ. ಮುಂದೆ ಅವರ ನಾಯಕ ಮೋಶೆ ಐಗುಪ್ತದ ಅರಸ ಫರೋಹನ ಎದುರು ನಿಂತು, ಈ ಜನ ಅಡವಿಗೆ ಹೋಗಿ ದೇವರನ್ನು ಸೇವಿಸಬೇಕು ಅನ್ನುವಾಗಲೂ ಅದೇ ಧಾತು. ಅಂದರೆ ಇಡೀ ಜಗಳ ನಡೆದದ್ದು ಈ ಜನ ಯಾರಿಗೆ ದುಡಿಯಬೇಕು ಅನ್ನುವುದಕ್ಕೆ. ಒಡೆಯ ಬದಲಾದ. ದುಡಿಮೆಯ ಪದ ಮಾತ್ರ ಹಾಗೇ ಉಳಿಯಿತು.

ಗ್ರೀಕಿನಲ್ಲೂ ಹೀಗೇ. ಅಡ್ಡಬೀಳುವುದಕ್ಕೆ ‘ಪ್ರೊಸ್ಕುನೇಓ’. ಬಾವಿಯ ಹತ್ತಿರ ಸಮಾರ್ಯದ ಹೆಂಗಸು “ಆರಾಧಿಸಬೇಕಾದದ್ದು ಈ ಬೆಟ್ಟದಲ್ಲೋ, ಯೆರೂಸಲೇಮಿನಲ್ಲೋ” ಅಂತ ಕೇಳಿದ್ದು ಈ ಪದದಲ್ಲಿ. ಯೇಸು ಜಾಗದ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟು, ಆತ್ಮದಿಂದಲೂ ಸತ್ಯದಿಂದಲೂ ಆರಾಧಿಸುವವರನ್ನೇ ತಂದೆ ಹುಡುಕುತ್ತಾನೆ ಅಂದ. ಇನ್ನೊಂದು ‘ಲತ್ರೇಯಾ’. ಹಳೆಯ ಗ್ರೀಕಿನಲ್ಲಿ ಅದು ಕೂಲಿಯಾಳಿನ ಸೇವೆ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದ ಮೊದಲ ವಚನದಲ್ಲಿ ಯೇಸುವಿನ ಅಪೊಸ್ತಲ (ದೂತ) ಪೌಲ ಆರಿಸಿಕೊಂಡದ್ದು ಇದನ್ನು. ನಿಮ್ಮ ದೇಹಗಳನ್ನೇ ಜೀವಂತ ಯಜ್ಞವಾಗಿ, ದೇವರು ಮೆಚ್ಚುವಂತೆ ಒಪ್ಪಿಸಿ, ಇದೇ ನಿಮ್ಮ ಆರಾಧನೆ ಅನ್ನುತ್ತಾನೆ. ದೇಹ ಅಂದಮೇಲೆ ಕೈ, ಕಾಲು, ನಾಲಿಗೆ, ಕಣ್ಣು ಎಲ್ಲ ಬಂತು. ಮುಂದಿನ ವಚನಗಳಲ್ಲಿ ಬರುವುದು ದಾನ, ಅತಿಥಿಸತ್ಕಾರ, ಅಳುವವರ ಜೊತೆ ಅಳುವುದು, ಸೇಡು ಬಿಡುವುದು.

‘ದೇವರು ಮೆಚ್ಚುವ’ ಅಂತ ಇಲ್ಲಿ ಇರುವ ಪದವನ್ನೇ ಪೌಲ ಫಿಲಿಪ್ಪಿಯವರಿಗೂ ಬರೆಯುತ್ತಾನೆ. ಅವನು ಸೆರೆಯಲ್ಲಿದ್ದಾಗ ಅವರು ಎಪಫ್ರೊದೀತನ ಕೈಲಿ ಸಹಾಯ ಕಳಿಸಿದ್ದರು. ಅದು ಸುವಾಸನೆ, ದೇವರಿಗೆ ಮೆಚ್ಚಿಕೆಯಾದ ಯಜ್ಞ ಅಂದ. ಕಷ್ಟದಲ್ಲಿದ್ದವನಿಗೆ ಕಳಿಸಿದ ನೆರವಿಗೆ ಯಜ್ಞವೇದಿಯ ಭಾಷೆ! ಇಬ್ರಿಯರಿಗೆ ಬರೆದ ಪತ್ರವೂ (13:15, 16) ಹಾಗೇ. ಮೊದಲು ತುಟಿಗಳಿಂದ ಸ್ತೋತ್ರಯಜ್ಞ ಅರ್ಪಿಸಿ ಅನ್ನುತ್ತದೆ. ಉಸಿರು ಬಿಡುವ ಮೊದಲೇ, ಒಳ್ಳೆಯದನ್ನು ಮಾಡುವುದನ್ನೂ ಹಂಚಿಕೊಳ್ಳುವುದನ್ನೂ ಮರೆಯಬೇಡಿ, ಇಂಥ ಯಜ್ಞಗಳನ್ನೂ ದೇವರು ಮೆಚ್ಚುತ್ತಾನೆ ಅನ್ನುತ್ತದೆ. ನಾವು ಮೊದಲ ವಚನ ಓದಿ ಹಾಡು ಶುರು ಮಾಡುತ್ತೇವೆ. ಎರಡನೆಯದು ಅಲ್ಲೇ ಬಿದ್ದಿರುತ್ತದೆ.

ಮೆಚ್ಚದ ಆರಾಧನೆ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಪ್ರವಾದಿ ಮಲಾಕಿಯನ ಪುಸ್ತಕದ ಮೊದಲ ಅಧ್ಯಾಯ ಓದಿ. ಜನ ಕುರುಡು ಪಶು, ಕುಂಟು ಪಶು, ರೋಗ ಬಂದದ್ದನ್ನು ಯಜ್ಞಕ್ಕೆ ಎಳೆದು ತರುತ್ತಿದ್ದರು. ಹೇಗೂ ಸಾಯುವ ದನ, ಕೊಟ್ಟರೆ ಲೆಕ್ಕಕ್ಕಾದರೂ ಬಂತು. ದೇವರ ಮಾತು ನೇರ: ಇದನ್ನು ನಿನ್ನ ದೇಶಾಧಿಪತಿಗೆ ಕೊಟ್ಟು ನೋಡು, ಅವನು ಮೆಚ್ಚುತ್ತಾನಾ? ಅಷ್ಟಕ್ಕೇ ನಿಲ್ಲುವುದಿಲ್ಲ. ಯಾರಾದರೂ ದೇವಾಲಯದ ಬಾಗಿಲು ಮುಚ್ಚಿಬಿಟ್ಟರೆ ಎಷ್ಟೋ ಚೆನ್ನ ಅನ್ನುತ್ತಾನೆ. ಆರಾಧನೆಯೇ ಬೇಡ ಅಂತ ದೇವರೇ ಹೇಳುವ ಮಾತಿದು. ಇನ್ನು ಪ್ರವಾದಿ ಆಮೋಸನ ಪುಸ್ತಕದ 5ನೇ ಅಧ್ಯಾಯದಲ್ಲಿ ಪೆಟ್ಟು ನೇರ ಹಾಡಿಗೇ ಬೀಳುತ್ತದೆ: ನಿಮ್ಮ ಗಾನದ ಗದ್ದಲ ತೊಲಗಲಿ, ವೀಣೆಯ ನಾದ ಕೇಳೆನು, ನ್ಯಾಯವು ಹೊಳೆಯಂತೆ ಹರಿಯಲಿ. ಅವರ ಶ್ರುತಿ ತಪ್ಪಿತ್ತು ಅಂತಲ್ಲ. ಅದೇ ಜನ ನ್ಯಾಯ ತೀರಿಸುವ ಊರಬಾಗಿಲಲ್ಲಿ ಲಂಚ ತಿಂದು ಬಡವನ ನ್ಯಾಯ ಕೆಡಿಸುತ್ತಿದ್ದರು.

ಒಂದು ಕಡೆ ಮಾತ್ರ ನಮ್ಮ ‘ಆರಾಧನೆ’ ದಾರಿ ತಪ್ಪಿಸಬಹುದು. ಅದರಲ್ಲಿ ‘ಒಲಿಸಿಕೊಳ್ಳುವುದು’ ಅಂತಲೂ ಇದೆಯಲ್ಲ. ದೇವರು ಮುನಿಸಿಕೊಂಡು ಕೂತಿದ್ದಾನೆ, ನಾವು ಏನಾದರೂ ಕೊಟ್ಟು ರಾಜಿ ಮಾಡಿಕೊಳ್ಳಬೇಕು ಅನ್ನುವ ಲೆಕ್ಕ. ಪೌಲನ ಲೆಕ್ಕ ತಿರುವುಮುರುವು. ರೋಮಾಪುರದವರಿಗೆ ಬರೆದ ಅದೇ ಪತ್ರದಲ್ಲಿ 11 ಅಧ್ಯಾಯ ದೇವರ ಕನಿಕರದ ಬಗ್ಗೆ ಬರೆದು, ಆಮೇಲೆ “ಆದ್ದರಿಂದ” ಅಂತ ಶುರು ಮಾಡಿ ದೇಹಗಳನ್ನು ಕೇಳುತ್ತಾನೆ. ಕನಿಕರ ಮೊದಲು, ಅರ್ಪಣೆ ಆಮೇಲೆ. ಇಷ್ಟು ಉಪವಾಸ ಮಾಡಿದೆ, ಇಷ್ಟು ಕಾಣಿಕೆ ಹಾಕಿದೆ, ಕೆಲಸ ಯಾಕೆ ಆಗಲಿಲ್ಲ ಅನ್ನುವುದು ವ್ಯಾಪಾರ.

ಇಷ್ಟು ಓದಿದ ಕೂಡಲೇ ಕೆಲವರು “ಹಾಗಾದರೆ ನನ್ನ ಕೆಲಸವೇ ಆರಾಧನೆ, ಸಭೆಗೆ ಯಾಕೆ ಬರಬೇಕು” ಅನ್ನುತ್ತಾರೆ. ಇದೂ ಅದೇ ತಪ್ಪು, ಇನ್ನೊಂದು ತುದಿಯಿಂದ. ಒಳ್ಳೆಯದು ಮಾಡಿ ಅಂದ ಇಬ್ರಿಯರ ಪತ್ರವೇ ಮೂರು ಅಧ್ಯಾಯ ಹಿಂದೆ, ಕೂಡಿಬರುವುದನ್ನು ಬಿಡಬೇಡಿ, ಕೆಲವರಿಗೆ ಅದೇ ರೂಢಿಯಾಗಿದೆ ಅಂತ ಗದರುತ್ತದೆ. ಬೆಟ್ಟದ ಪ್ರಸಂಗದಲ್ಲಿ ಯೇಸು ಹೇಳಿದ್ದನ್ನೂ ನೋಡಿ. ಕಾಣಿಕೆ ಕೊಡಲು ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ದೂರು ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು. ಮೊದಲು ಅವನ ಜೊತೆ ಒಂದಾಗು. ಆಮೇಲೆ ವಾಪಸ್ ಬಂದು ಕಾಣಿಕೆ ಕೊಡು. ಒಂದಾದ ಮೇಲೆ ಕಾಣಿಕೆ ಬೇಡ ಅಂತ ಅವನೇನೂ ಹೇಳಲಿಲ್ಲ.