ಮಂಗನ ಕಾಯಿಲೆಯಲ್ಲಿ ಹಸುವಿನ ಪಾಲು

ಮಲೆನಾಡಿನ ಪಶುವೈದ್ಯ ನಾನು. ಕೊಟ್ಟಿಗೆಗೆ ಹೋದರೆ ಹಸುವಿನ ಕಿವಿ, ಕೆಚ್ಚಲು ನೋಡಿ ಉಣುಗು ಕೀಳುವುದು ದಿನದ ಕೆಲಸ. ಆದರೂ ಮಂಗನ ಕಾಯಿಲೆ, ಅಂದರೆ ಕಾಡಿನ ಉಣುಗು ಕಚ್ಚಿ ಬರುವ ವೈರಸ್ ಜ್ವರ, ನನಗೆ ಸಂಬಂಧಿಸಿದ್ದು ಅಂತ ಬಹಳ ವರ್ಷ ಅನ್ನಿಸಿರಲೇ ಇಲ್ಲ. ಆ ವೈರಸ್‌ನಿಂದ ಹಸು ಹಾಸಿಗೆ ಹಿಡಿಯುವುದಿಲ್ಲ. ಜ್ವರ ಬಂದವರು ಆಸ್ಪತ್ರೆಗೆ, ಸತ್ತ ಮಂಗ ಅರಣ್ಯ ಇಲಾಖೆಗೆ. ನಮ್ಮದೇನಿದೆ ಅಲ್ಲಿ, ಅಲ್ವಾ?

ಕಾಯಿಲೆ ಪತ್ತೆಯಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ. ಮಂಗಗಳು ಸಾಯುತ್ತಿದ್ದವು, ಜನ ಜ್ವರದಲ್ಲಿ ಮಲಗಿದ್ದರು. ಹಳದಿ ಜ್ವರ ಇರಬಹುದಾ ಎಂಬ ಗಾಬರಿ ಮೊದಲು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದಾಗ ಸಿಕ್ಕಿದ್ದು ಹೊಸ ವೈರಸ್, ರಷ್ಯಾದ ಕಾಡುಗಳ ಉಣುಗು ಜ್ವರದ ನೆಂಟ. ಹಕ್ಕಿಗಳೇನಾದರೂ ಹೊತ್ತು ತಂದವಾ ಅಂತ ಪಕ್ಷಿತಜ್ಞ ಸಲೀಂ ಅಲಿಯವರ ತಂಡ ವಲಸೆ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿತು. ಜನ, ಪ್ರಾಣಿ, ಪರಿಸರ ಮೂರರ ಆರೋಗ್ಯವನ್ನೂ ಒಟ್ಟಿಗೆ ನೋಡುವ ‘ವನ್ ಹೆಲ್ತ್’ ಎಂಬ ಹೆಸರು ಚಾಲ್ತಿಗೆ ಬರುವ ಎಷ್ಟೋ ವರ್ಷ ಮೊದಲಿನ ಮಾತು ಇದು.

ದನದ ಕಡೆ ಬೊಟ್ಟು ಮಾಡಿದವರು ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೊಶೆಲ್. ಕಾಡು ಕಡಿದು, ಅಂಚಿನಲ್ಲಿ ದನ ಮೇಯಿಸಿದ್ದರಿಂದಲೇ ಉಣುಗು ಹೆಚ್ಚಿತು ಎಂದು 1969ರಲ್ಲಿ ಬರೆದರು. ಲೆಕ್ಕ ಹೀಗೆ. ಉಣುಗಿನ ಮರಿ ಇಲಿ, ಹಕ್ಕಿ, ಮಂಗದ ರಕ್ತ ಕುಡಿಯುತ್ತದೆ. ವೈರಸ್ ಅಂಟುವುದು ಅಲ್ಲಿ. ಒಂದು ಹಂತ ಬೆಳೆದ ಎಳೆ ಉಣುಗು, ಎಳ್ಳಿನಷ್ಟು ಸಣ್ಣದು, ಮನುಷ್ಯರನ್ನು ಕಚ್ಚುತ್ತದೆ. ಮಳೆಗಾಲ ಮುಗಿದ ಮೇಲೆ, ಬೇಸಿಗೆವರೆಗೆ ಇದರ ಕಾಟ. ಬಲಿತ ಉಣುಗಿಗೆ ಬೇಕಾಗಿದ್ದು ದೊಡ್ಡ ಪ್ರಾಣಿ. ಹಸುವಿನ ಮೈಮೇಲೆ ಹೊಟ್ಟೆ ತುಂಬಿಸಿಕೊಂಡು ಕೆಳಗೆ ಬಿದ್ದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಹಸು ವೈರಸ್ ಹರಡುವುದಿಲ್ಲ, ಉಣುಗನ್ನು ಸಾಕುತ್ತದೆ ಅಷ್ಟೆ.

ಜ್ವರ ನೋಡುವ ಡಾಕ್ಟರಿಗೆ ಹಸು ಕಾಣುವುದಿಲ್ಲ, ಹಸು ನೋಡುವ ನನಗೆ ಜ್ವರ ಕಾಣುವುದಿಲ್ಲ. ಭಾರತ ಮತ್ತು ಬ್ರಿಟನ್‌ನ ವೈದ್ಯರು, ಪಶುವೈದ್ಯರು, ಪರಿಸರ ವಿಜ್ಞಾನಿಗಳು ಒಟ್ಟಿಗೆ ಕೂತು ಜ್ವರದ ದಾಖಲೆ, ಕಾಡಿನ ನಕ್ಷೆ, ದನಗಣತಿ ಮೂರನ್ನೂ ಹೊಂದಿಸಿ ನೋಡಿದರು. 2020ರಲ್ಲಿ ಬಂದ ಆ ಅಧ್ಯಯನದಲ್ಲಿ ಕಂಡಿದ್ದು: ನಿತ್ಯಹರಿದ್ವರ್ಣ ಕಾಡು ಮತ್ತು ತೋಟ ಬೆರೆತಿರುವ, ನಾಟಿ ದನ ಜಾಸ್ತಿ ಇರುವ ಕಡೆ ಅಪಾಯವೂ ಜಾಸ್ತಿ. ನಮ್ಮೂರಿನ ಚಿತ್ರವೇ ಇದು!

ಕಾಡಿಗೆ ಹೋಗಬೇಡಿ ಅಂತ ಸುಮ್ನೆ ಹೇಳಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಸೊಪ್ಪು, ದರಗು (ಉದುರಿದ ಒಣ ಎಲೆ), ಸೌದೆ ಇಲ್ಲದೆ ಇಲ್ಲಿ ಕೊಟ್ಟಿಗೆಯೂ ನಡೆಯದು, ಅಡಿಕೆ ತೋಟವೂ ನಡೆಯದು. ಹಾಗಾಗಿ ಈಗ ಕರು ನೋಡಲು ಹೋದರೂ ಕೇಳುತ್ತೇನೆ: ದರಗು ಎಲ್ಲಿಂದ ತರ್ತೀರಿ? ದನ ಯಾವ ಕಡೆ ಮೇಯುತ್ತೆ? ಆ ಕಡೆ ಮಂಗ ಸತ್ತಿದ್ದು ಕಂಡಿದೆಯಾ? ಕಂಡಿದ್ದರೆ ಅಲ್ಲಿಂದಲೇ ಆರೋಗ್ಯ ಕೇಂದ್ರಕ್ಕೂ ಅರಣ್ಯದವರಿಗೂ ಫೋನ್ ಮಾಡುತ್ತೇನೆ. ಮೊನ್ನೆ ಒಬ್ಬ ಅಜ್ಜಿ ನಕ್ಕರು. “ಕರುವಿಗೆ ಭೇದಿ ಅಂತ ಕರೆಸಿದ್ರೆ ಮಂಗನ ಕ್ಷೇಮ ವಿಚಾರಿಸ್ತೀರಲ್ಲ ಡಾಕ್ಟ್ರೇ!”